ಸೂಜಿಯ ತುದಿಯಲ್ಲೇ ಶುರುವಾಗುವ ಪರೀಕ್ಷೆ

ಮಳೆ ಹಿಡಿದು ಕೆಲವು ವಾರ ಕಳೆಯುವಷ್ಟರಲ್ಲಿ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಮನೆಗಳಲ್ಲಿ ‘ಕೌಂಟ್’ ಎಂಬ ಮಾತು ಕೇಳತೊಡಗುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪು, ಕೊಟ್ಟಿಗೆಯ ಹಿಂದೆ ಎಸೆದ ಹಳೆ ಟಯರು, ಹೀಗೆ ನೀರು ನಿಂತಲ್ಲೆಲ್ಲ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಅದರ ಹಿಂದೆಯೇ ಡೆಂಗಿ ಬರುತ್ತದೆ. ರೋಗಿಯನ್ನು ನೋಡಲು ಹೋದವರು ಮೊದಲು ಕೇಳುವುದು ಪ್ಲೇಟ್‌ಲೆಟ್ ಎಷ್ಟಿದೆ ಎಂದು, ಆಮೇಲೆ ಬಿಳಿ ರಕ್ತಕಣ ಎಷ್ಟಿದೆ ಎಂದು. ರೋಗಿಯನ್ನು ಇಲ್ಲೇ ಇಟ್ಟುಕೊಳ್ಳಬೇಕೋ ಮಂಗಳೂರಿಗೆ ಬರೆದುಕೊಡಬೇಕೋ ಎಂಬ ತೀರ್ಮಾನದಲ್ಲೂ ಈ ಅಂಕಿಗಳದು ದೊಡ್ಡ ಪಾಲು.

ಇಷ್ಟು ಭಾರ ಹೊರುವ ಅಂಕಿ ಯಂತ್ರದೊಳಗೆ ಹುಟ್ಟುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಆದ್ದರಿಂದಲೇ ‘ಅಲ್ಲಿ ಒಳ್ಳೆಯ ಮಿಷನ್ ಇದೆ’ ಎಂಬುದು ಒಂದು ಲ್ಯಾಬಿಗೆ ನಾವು ಕೊಡುವ ದೊಡ್ಡ ಪ್ರಶಂಸೆ. ರಕ್ತದ ಕಣಗಳ ಪರೀಕ್ಷೆಯಲ್ಲಿ, ಅದರಲ್ಲೂ ರೋಗನಿರೋಧಕ ಕಣಗಳ ಪರೀಕ್ಷೆಯಲ್ಲಿ, ಅಂಕಿಯ ಅರ್ಧ ಭವಿಷ್ಯ ಯಂತ್ರ ತಲುಪುವ ಮೊದಲೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ವಾದ. ಯಾವ ಕೈಯಿಂದ ರಕ್ತ ತೆಗೆದರು, ಯಾವ ಟ್ಯೂಬಿಗೆ ಹಾಕಿದರು, ಎಷ್ಟು ಹೊತ್ತು ಇಟ್ಟರು, ಎಂಥ ಬಿಸಿಯಲ್ಲಿ ಸಾಗಿಸಿದರು ಎಂಬುದೆಲ್ಲ ರಿಪೋರ್ಟಿನಲ್ಲಿ ಕಾಣಿಸದೆಯೇ ಅಡಗಿ ಕೂತಿರುತ್ತದೆ. ದೊಡ್ಡ ಪ್ರಯೋಗಾಲಯಗಳಿಂದ ದೂರವಿರುವ ನಮ್ಮ ಮೂರು ತಾಲ್ಲೂಕುಗಳಿಗೆ ಈ ಮಾತು ಉಳಿದವರಿಗಿಂತ ಹೆಚ್ಚು ಅನ್ವಯಿಸುತ್ತದೆ.

ಯಂತ್ರವನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ. ಸೂಕ್ಷ್ಮದರ್ಶಕದಡಿ ಗೆರೆಗಳ ಗಾಜಿನ ಮೇಲೆ ಕಣಗಳನ್ನು ಒಂದೊಂದಾಗಿ ಎಣಿಸುತ್ತಿದ್ದ ಕಾಲದಲ್ಲಿ ಎಣಿಕೆಯೇ ಅಂದಾಜಿನದಾಗಿತ್ತು. ಸಣ್ಣ ರಂಧ್ರದ ಮೂಲಕ ಕಣ ಹಾಯುವಾಗ ವಿದ್ಯುತ್ತಿನ ತಡೆ ಬದಲಾಗುತ್ತದೆ, ಆ ಬದಲಾವಣೆಯನ್ನು ಎಣಿಸಿದರೆ ಕಣಗಳನ್ನು ಎಣಿಸಿದಂತೆ ಎಂಬ ತತ್ವಕ್ಕೆ ವ್ಯಾಲೇಸ್ ಕೋಲ್ಟರ್ 1953ರಲ್ಲಿ ಪೇಟೆಂಟ್ ಪಡೆದರು. ಇಂದು ಸಾಧಾರಣ ತಾಲ್ಲೂಕು ಲ್ಯಾಬಿನ ಯಂತ್ರವೂ ಒಂದೆರಡು ನಿಮಿಷದೊಳಗೆ ಸಾವಿರಾರು ಕಣಗಳನ್ನು ಎಣಿಸಿ ಮುಗಿಸುತ್ತದೆ. ಎಣಿಕೆಯ ತಪ್ಪು ಕಡಿಮೆಯಾದಷ್ಟೂ ಎಣಿಕೆಗೆ ಮುಂಚಿನ ತಪ್ಪು ಎದ್ದು ಕಾಣುತ್ತದೆ. ಇಟಲಿಯ ಪಡುವಾ ವಿಶ್ವವಿದ್ಯಾಲಯ ಆಸ್ಪತ್ರೆಯ ತುರ್ತು ಪ್ರಯೋಗಾಲಯದ ತಪ್ಪುಗಳನ್ನು ಅಲ್ಲಿನ ತಜ್ಞರು ಎರಡು ಬಾರಿ ಲೆಕ್ಕ ಹಾಕಿದರು. 1997ರ ವರದಿಯಲ್ಲಿ ಒಟ್ಟು ತಪ್ಪುಗಳ ಶೇ 68.2, 2007ರ ವರದಿಯಲ್ಲಿ ಶೇ 61.9 ನಡೆದದ್ದು ಮಾದರಿ ಯಂತ್ರಕ್ಕೆ ಹೋಗುವ ಮೊದಲೇ. ಅದು ಐರೋಪ್ಯ ವಿಶ್ವವಿದ್ಯಾಲಯವೊಂದರ ಆಸ್ಪತ್ರೆ ಎಂಬುದನ್ನು ನೆನಪಿಡಬೇಕು. ನಮ್ಮ ಕಡೆಯವರಿಗೆ ಹೇಳುವುದಾದರೆ, ತಕ್ಕಡಿ ಎಷ್ಟೇ ನಿಖರವಾಗಿರಲಿ, ಒಣಗದ ಅಡಿಕೆಯನ್ನು ಅದರ ಮೇಲಿಟ್ಟರೆ ಬರುವುದು ನೀರೂ ಸೇರಿದ ತೂಕವೇ.

ರೋಗನಿರೋಧಕ ಕಣಗಳಿಗೆ ಮಾತ್ರ ಇಷ್ಟೊಂದು ಜಾಗ್ರತೆ ಏಕೆ ಎಂದು ಕೇಳಬಹುದು. ಅವು ಜೀವಂತವಾಗಿವೆ ಮತ್ತು ಸದಾ ಸಂಚಾರದಲ್ಲಿರುತ್ತವೆ. ಲಿಂಫೋಸೈಟ್ ಎಂಬ ಬಿಳಿ ಕಣಗಳಲ್ಲಿ ಯಾವುದೇ ಹೊತ್ತಿನಲ್ಲಿ ರಕ್ತದಲ್ಲಿ ಇರುವುದು ನೂರಕ್ಕೆ ಎರಡರಷ್ಟು. ಉಳಿದವು ಹಾಲ್ರಸ ಗಂಟುಗಳಲ್ಲಿ, ಗುಲ್ಮದಲ್ಲಿ, ಕರುಳಿನ ಗೋಡೆಯಲ್ಲಿ ಬೀಡುಬಿಟ್ಟಿರುತ್ತವೆ. ರಕ್ತದೊಳಗಿನ ನ್ಯೂಟ್ರೋಫಿಲ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹರಿಯುವುದೇ ಇಲ್ಲ, ರಕ್ತನಾಳದ ಗೋಡೆಗೆ ಅಂಟಿಕೊಂಡಿರುತ್ತವೆ. ಬಸ್ಸು ಇಳಿದು, ಚೀಟಿ ಮಾಡಿಸಲು ಓಡಿ, ಮೆಟ್ಟಿಲು ಹತ್ತಿ ಬಂದವರ ರಕ್ತವನ್ನು ಆಗಿಂದಾಗ್ಗೆ ತೆಗೆದರೆ ಗೋಡೆಗಂಟಿದ ಕಣಗಳು ಕಳಚಿ ಹರಿವಿಗೆ ಸೇರಿರುತ್ತವೆ. ಬಿಳಿ ರಕ್ತಕಣ ಏರಿದಂತೆ ಕಾಣುತ್ತದೆ. ಸೂಜಿ ಕಂಡು ಬಿಕ್ಕಿಬಿಕ್ಕಿ ಅತ್ತ ಮಗುವಿನದೂ ಹೀಗೆಯೇ. ದಿನದ ಹೊತ್ತೂ ಲೆಕ್ಕಕ್ಕೆ ಬರುತ್ತದೆ: ದೇಹದ ಕಾರ್ಟಿಸೋಲ್ ಏರಿಳಿಯುವುದರಿಂದ ಸಿಡಿ4 ಎಂಬ ಟಿ ಕಣಗಳ ಸಂಖ್ಯೆ ಮಧ್ಯಾಹ್ನದ ಸುಮಾರಿಗೆ ತಗ್ಗಿರುತ್ತದೆ, ರಾತ್ರಿ ಏರಿರುತ್ತದೆ. ಜ್ವರಕ್ಕೆಂದು ಯಾರೋ ಕೊಟ್ಟ ಸ್ಟೀರಾಯ್ಡ್ ಇಂಜೆಕ್ಷನ್ ಲಿಂಫೋಸೈಟ್‌ಗಳನ್ನು ಕೆಲವೇ ಗಂಟೆಗಳಲ್ಲಿ ಕೆಳಗಿಳಿಸಿ ನ್ಯೂಟ್ರೋಫಿಲ್‌ಗಳನ್ನು ಮೇಲೆತ್ತುತ್ತದೆ. ಈ ಇಂಜೆಕ್ಷನ್ನಿನ ವಿಷಯವನ್ನು ಮನೆಯವರು ಹೇಳುವುದೂ ಇಲ್ಲ, ಲ್ಯಾಬಿನವರು ಕೇಳುವುದೂ ಇಲ್ಲ.

ಈಗ ರಕ್ತ ತೆಗೆಯುವ ಕ್ಷಣವನ್ನೇ ಹತ್ತಿರದಿಂದ ನೋಡೋಣ. ಮೊಣಕೈ ಮೇಲೆ ರಬ್ಬರ್ ಪಟ್ಟಿ ಬಿಗಿಯುತ್ತಾರೆ. ಅದು ಒಂದು ನಿಮಿಷಕ್ಕಿಂತ ಹೆಚ್ಚು ಇರಕೂಡದು. ನರ ಸಿಗದೆ ಹುಡುಕುತ್ತ ನಿಂತರೆ ರಕ್ತದ ನೀರಿನಂಶ ನಾಳದಿಂದ ಹೊರಗೆ ಜಿನುಗಿ, ಕಣಗಳು ಒತ್ತೊತ್ತಾಗಿ ಉಳಿಯುತ್ತವೆ. ‘ಮುಷ್ಟಿ ಗಟ್ಟಿ ಹಿಡಿಯಿರಿ, ಬಿಡಿ, ಹಿಡಿಯಿರಿ’ ಎಂದು ಪಂಪ್ ಮಾಡಿಸುವುದೂ ತಪ್ಪು. ಸೂಜಿ ತೀರಾ ಸಣ್ಣದಾಗಿ, ಸಿರಿಂಜನ್ನು ಜೋರಾಗಿ ಎಳೆದರೆ ಕೆಂಪು ಕಣ ಒಡೆಯುತ್ತದೆ. ಒಂದೇ ಕಡೆ ಎರಡು ಮೂರು ಬಾರಿ ಚುಚ್ಚಿ ಕೆದಕಿದರೆ ಅಂಗಾಂಶದ ರಸ ಸೇರಿ ಸೂಜಿಯೊಳಗೇ ಹೆಪ್ಪು ಶುರುವಾಗುತ್ತದೆ. ಕಣ್ಣಿಗೆ ಕಾಣದ ಆ ಹೆಪ್ಪಿನೊಳಗೆ ಪ್ಲೇಟ್‌ಲೆಟ್‌ಗಳು ಸಾವಿರಗಟ್ಟಲೆ ಸಿಕ್ಕಿಬೀಳುತ್ತವೆ. ಬೆರಳು ಚುಚ್ಚಿ ಹಿಂಡಿ ತೆಗೆದ ರಕ್ತ ಮಲೇರಿಯಾದ ಕಾರ್ಡ್ ಪರೀಕ್ಷೆಗೆ ಸಾಕು. ಅದನ್ನೇ ಕೌಂಟಿಗೂ ಬಳಸಿದರೆ ಪ್ಲೇಟ್‌ಲೆಟ್ ತಗ್ಗಿ ಬರುವ ಸಾಧ್ಯತೆ ಹೆಚ್ಚು.

ಆಮೇಲೆ ಬರುವುದು ನೇರಳೆ ಮುಚ್ಚಳದ ಟ್ಯೂಬು. ಅದರ ಗೋಡೆಗೆ ಸವರಿರುವ ಇಡಿಟಿಎ ರಕ್ತದ ಕ್ಯಾಲ್ಸಿಯಂ ಹಿಡಿದುಕೊಂಡು ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಗೆರೆಯವರೆಗೆ ರಕ್ತ ತುಂಬಬೇಕು; ಕಡಿಮೆ ಹಾಕಿದರೆ ಇಡಿಟಿಎ ಹೆಚ್ಚಾಗಿ ಕಣಗಳು ಸುರುಟುತ್ತವೆ. ತುಂಬಿದ ಕೂಡಲೇ ಎಂಟು ಹತ್ತು ಸಲ ಮೆಲ್ಲನೆ ಮಗುಚಬೇಕು. ಅಲುಗಾಡಿಸದೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ‘ಮುಂದಿನವರು ಬನ್ನಿ’ ಎಂದರೆ ತಳದಲ್ಲಿ ಹೆಪ್ಪು ಕಟ್ಟುತ್ತದೆ. ಕೈ ಬೀಸಿ ಕುಲುಕಿದರೂ ಕೆಟ್ಟಿತು, ಕಣ ಒಡೆಯುತ್ತದೆ. ಬೆರಳೆಣಿಕೆಯ ಸೆಕೆಂಡುಗಳ ಈ ಕೆಲಸಕ್ಕೆ ತಾಳ್ಮೆ ಬೇಕು. ಸರತಿ ಬಾಗಿಲಾಚೆಗೂ ಬೆಳೆದಾಗ ಮೊದಲು ಬಿಟ್ಟುಹೋಗುವುದೂ ಇದೇ. ಸಾವಿರದಲ್ಲಿ ಒಬ್ಬಿಬ್ಬರ ರಕ್ತದಲ್ಲಿ ಎಲ್ಲವನ್ನೂ ಸರಿಯಾಗಿ ಮಾಡಿದರೂ ಇಡಿಟಿಎ ತಗುಲಿದ ಕಾರಣಕ್ಕೇ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟುತ್ತವೆ. ಯಂತ್ರಕ್ಕೆ ಆ ಗುಂಪು ಒಂದು ದೊಡ್ಡ ಕಣವಾಗಿ ಕಾಣುತ್ತದೆ. ಹುಷಾರಾಗಿರುವ ಮನುಷ್ಯನ ಕೌಂಟ್ ಹಠಾತ್ತನೆ ಮೂವತ್ತು ಸಾವಿರ ಎಂದು ಬಂದರೆ ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೊಮ್ಮೆ ತೆಗೆಯಬೇಕು. ನೋಡುವ ಕಣ್ಣಿಲ್ಲದ ಕಡೆ ರೋಗಿ ಆಂಬುಲೆನ್ಸ್ ಹತ್ತುತ್ತಾನೆ.

ಎಲ್ಲಕ್ಕಿಂತ ಅಪಾಯದ ತಪ್ಪು ಡ್ರಿಪ್ ಹಾಕಿದ ಕೈಯಿಂದಲೇ ರಕ್ತ ತೆಗೆಯುವುದು. ಡೆಂಗಿ ರೋಗಿಯ ಒಂದು ಕೈಯಲ್ಲಿ ಗ್ಲೂಕೋಸ್ ಹೋಗುತ್ತಿದೆ. ಇನ್ನೊಂದು ಕೈಯಲ್ಲಿ ನರ ಸಿಗುತ್ತಿಲ್ಲ. ಮತ್ತೆ ಚುಚ್ಚಿ ನೋಯಿಸುವುದು ಬೇಡ ಎಂಬ ಕರುಣೆಯಿಂದಲೇ ಡ್ರಿಪ್ಪಿನ ಮೇಲ್ಭಾಗದಿಂದ ರಕ್ತ ಎಳೆಯುತ್ತಾರೆ. ರಕ್ತದ ಐದನೇ ಒಂದು ಭಾಗ ಡ್ರಿಪ್ಪಿನ ನೀರೇ ಆಯಿತು ಎಂದಿಟ್ಟುಕೊಳ್ಳಿ. 30 ಸಾವಿರ ಇದ್ದ ಪ್ಲೇಟ್‌ಲೆಟ್ 24 ಸಾವಿರ ಎಂದು ಬರುತ್ತದೆ. ಮನೆಯವರು ಗಾಬರಿಯಿಂದ ಪ್ಲೇಟ್‌ಲೆಟ್ ಚೀಲಕ್ಕಾಗಿ ಮಂಗಳೂರಿಗೆ ಓಡುತ್ತಾರೆ. ರಕ್ತಸ್ರಾವ ಇಲ್ಲದಿದ್ದರೆ 10 ಸಾವಿರಕ್ಕಿಂತ ಇಳಿಯುವವರೆಗೆ ಪ್ಲೇಟ್‌ಲೆಟ್ ಕೊಡುವ ಅಗತ್ಯವಿಲ್ಲ ಎಂದು ರಾಷ್ಟ್ರೀಯ ಮಾರ್ಗಸೂಚಿಯೇ ಹೇಳಿದರೂ ಗಾಬರಿ ಮಾರ್ಗಸೂಚಿಯನ್ನು ಓದುವುದಿಲ್ಲ. ಇದಕ್ಕಿಂತ ಕೆಟ್ಟದ್ದು ಅದೇ ರಿಪೋರ್ಟಿನ ಇನ್ನೊಂದು ಸಾಲಿನಲ್ಲಿದೆ. ಡೆಂಗಿಯಲ್ಲಿ ಜೀವ ತೆಗೆಯುವುದು ಬಹುಮಟ್ಟಿಗೆ ರಕ್ತನಾಳದಿಂದ ದ್ರವ ಸೋರಿಹೋಗುವುದು. ಅದರ ಸುಳಿವು ಕೊಡುವುದು ಹಿಮ್ಯಾಟೊಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು. ಅದು ರೋಗಿಯ ಮಾಮೂಲಿಗಿಂತ ಶೇ 20ರಷ್ಟು ಏರಿದರೆ ಎಚ್ಚರಿಕೆಯ ಗಂಟೆ. ನಿಜವಾಗಿ 45ಕ್ಕೆ ಏರಿದ್ದ ಹಿಮ್ಯಾಟೊಕ್ರಿಟ್ ನೀರು ಬೆರೆತ ಮಾದರಿಯಲ್ಲಿ 36 ಎಂದು ತೋರಿದರೆ ಗಂಟೆ ಬಾರಿಸುವುದೇ ಇಲ್ಲ. ಬೇಡದ ಪ್ಲೇಟ್‌ಲೆಟ್ಟಿಗೆ ಓಡಾಟ ಒಂದೆಡೆ, ಬೇಕಾದ ನಿಗಾ ತಪ್ಪಿಹೋಗುವುದು ಇನ್ನೊಂದೆಡೆ. ಎರಡೂ ಒಂದೇ ಸಿರಿಂಜಿನಿಂದ.

ಸಿಡಿ4 ಪರೀಕ್ಷೆಯಲ್ಲಿ ಇದೇ ತೊಂದರೆ ಇನ್ನಷ್ಟು ನಯವಾಗಿ ಬರುತ್ತದೆ. ಎಚ್‌ಐವಿ ವೈರಸ್ ಹೊಕ್ಕು ನಾಶ ಮಾಡುವುದು ಈ ಕಣಗಳನ್ನೇ. 2004ರ ಏಪ್ರಿಲ್ 1ರಂದು ದೇಶದಲ್ಲಿ ಉಚಿತ ಎಆರ್‌ಟಿ ಚಿಕಿತ್ಸೆ ಶುರುವಾದಾಗ ಯಾರಿಗೆ ಔಷಧಿ ಎಂಬುದನ್ನು ತೀರ್ಮಾನಿಸುವುದರಲ್ಲಿ ಸಿಡಿ4 ಅಂಕಿಗೆ ಮುಖ್ಯ ಸ್ಥಾನವಿತ್ತು. 2017ರಿಂದ ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ ಎಂಬ ನೀತಿ ಬಂದಿದೆ. ಆದರೂ ಸಿಡಿ4 ಅಂಕಿಯಲ್ಲಿ 200ರ ಗೆರೆ ಅಳಿಸಿಹೋಗಿಲ್ಲ. ಅದಕ್ಕಿಂತ ಕೆಳಗಿದ್ದರೆ ರೋಗ ಮುಂದುವರಿದಿದೆ ಎಂದೇ ಲೆಕ್ಕ, ಹೆಚ್ಚಿನ ತಪಾಸಣೆ ಮಾಡಬೇಕು. ಬಹಳ ಕಡೆ ಈ ಅಂಕಿಯನ್ನು ಗುಣಾಕಾರದಿಂದ ತೆಗೆಯುವ ರೂಢಿಯಿತ್ತು: ಒಂದು ಯಂತ್ರ ಒಟ್ಟು ಬಿಳಿ ಕಣ ಮತ್ತು ಲಿಂಫೋಸೈಟ್ ಪಾಲನ್ನು ಕೊಡುತ್ತದೆ, ಲೇಸರ್ ಬೆಳಕಿನ ಫ್ಲೋ ಸೈಟೋಮೀಟರ್ ಲಿಂಫೋಸೈಟ್‌ಗಳಲ್ಲಿ ಸಿಡಿ4 ಶೇಕಡಾ ಎಷ್ಟು ಎಂದು ಹೇಳುತ್ತದೆ. ಬಿಳಿ ಕಣ 4,000, ಅದರಲ್ಲಿ ಶೇ 40 ಲಿಂಫೋಸೈಟ್ ಎಂದರೆ 1,600. ಅದರಲ್ಲಿ ಶೇ 15 ಸಿಡಿ4 ಎಂದರೆ 240. ಇದೇ ರಕ್ತ ಡ್ರಿಪ್ಪಿನ ನೀರಿನಿಂದ ಐದನೇ ಒಂದು ಭಾಗ ತೆಳುವಾಗಿದ್ದರೆ ಬಿಳಿ ಕಣ 3,200, ಲಿಂಫೋಸೈಟ್ 1,280, ಸಿಡಿ4 192. ಗೆರೆಯ ಮೇಲಿದ್ದವರು ಕೆಳಗೆ ಬಿದ್ದರು. ಶೇಕಡಾ ಮಾತ್ರ ಎರಡರಲ್ಲೂ 15, ಅದು ಅಲುಗಾಡಲಿಲ್ಲ. ರಿಪೋರ್ಟಿನಲ್ಲಿ ಶೇಕಡಾವಾರನ್ನೂ ನೋಡಿ ಎಂದು ಅನುಭವಿ ವೈದ್ಯರು ಹೇಳುವುದು ಇದಕ್ಕೇ. ಕಣಗಳನ್ನು ನೇರವಾಗಿ ಎಣಿಸುವ ಹೊಸ ಯಂತ್ರಗಳು ಗುಣಾಕಾರದ ತಪ್ಪನ್ನು ಕಳೆದಿವೆ ನಿಜ. ನೀರು ಬೆರೆತದ್ದನ್ನು ಅವೂ ಬೇರ್ಪಡಿಸಲಾರವು.

ಇನ್ನು ದಾರಿಯ ವಿಷಯ. ಪುತ್ತೂರಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರು ಆಸುಪಾಸು, ಸುಳ್ಯದಿಂದ ಎಂಬತ್ತು ದಾಟುತ್ತದೆ, ಕಡಬ ತಾಲ್ಲೂಕಿನ ಸುಬ್ರಹ್ಮಣ್ಯದಿಂದ ನೂರು. ಸುಳ್ಯದಲ್ಲಿ ಕೆವಿಜಿ ವೈದ್ಯಕೀಯ ಕಾಲೇಜು ಇದೆ, ಪುತ್ತೂರಿನಲ್ಲಿ ಸರ್ಕಾರಿ ತಾಲ್ಲೂಕು ಆಸ್ಪತ್ರೆಯೂ ಖಾಸಗಿ ಆಸ್ಪತ್ರೆಗಳೂ ಇವೆ. ಸಾಮಾನ್ಯ ಕೌಂಟ್ ಹತ್ತಿರದಲ್ಲೇ ಆಗುತ್ತದೆ. ವಿಶೇಷ ಪರೀಕ್ಷೆಗಳ ಮಾದರಿ ಮಾತ್ರ ಸಂಗ್ರಹ ಕೇಂದ್ರದಲ್ಲಿ ಕಾದು, ಪೆಟ್ಟಿಗೆ ಸೇರಿ, ಮಂಗಳೂರಿಗೋ ಬೆಂಗಳೂರಿಗೋ ಹೋಗಬೇಕು. ಬೆಳಿಗ್ಗೆ ತೆಗೆದ ರಕ್ತ ಸಂಜೆಯ ಗಾಡಿ ಹತ್ತಿದರೆ ಯಂತ್ರ ಮುಟ್ಟುವುದು ಮರುದಿನ. ಅಷ್ಟರಲ್ಲಿ ನ್ಯೂಟ್ರೋಫಿಲ್‌ಗಳು ಸಾಯತೊಡಗಿರುತ್ತವೆ, ಮೊನೊಸೈಟ್‌ಗಳಲ್ಲಿ ಗುಳ್ಳೆಗಳೇಳುತ್ತವೆ, ಲಿಂಫೋಸೈಟ್‌ಗಳ ನಡುಬೀಜ ವಿಕಾರವಾಗುತ್ತದೆ. ಡೆಂಗಿಯಲ್ಲಿ ನಾಲ್ಕೈದನೇ ದಿನ ಕಾಣಿಸುವ ‘ವಿಚಿತ್ರ ರೂಪದ’ ಲಿಂಫೋಸೈಟ್‌ಗಳು ರೋಗದ ಕುರುಹು ಹೌದು; ಹಳಸಿದ ರಕ್ತದ ಲಿಂಫೋಸೈಟೂ ಸುಮಾರಾಗಿ ಹಾಗೆಯೇ ಕಾಣುತ್ತದೆ. ರಕ್ತ ತೆಗೆದ ಒಂದೆರಡು ಗಂಟೆಯೊಳಗೆ ಗಾಜಿನ ಮೇಲಿನ ಲೇಪವನ್ನು ಅಲ್ಲೇ ಮಾಡಿ ಒಣಗಿಸಿ ಕಳುಹಿಸಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ಅದಕ್ಕೆ ಬೇಕಾದದ್ದು ಎರಡು ಗಾಜಿನ ಪಟ್ಟಿ ಮತ್ತು ಕಲಿತ ಕೈ.

ಕೆಡದಿರಲಿ ಎಂದು ಎಲ್ಲ ಮಾದರಿಯನ್ನೂ ಐಸಿನ ಮೇಲಿಡುವ ಅಭ್ಯಾಸವೂ ನಮ್ಮಲ್ಲಿ ಗಟ್ಟಿಯಾಗಿದೆ. ಸಿಡಿ4 ಪರೀಕ್ಷೆಯ ರಕ್ತವನ್ನು ಫ್ರಿಜ್ಜಿನಲ್ಲಿಡಬಾರದು, ಐಸಿಗೆ ತಾಗಿಸಬಾರದು. ಅದು ಇರಬೇಕಾದದ್ದು ಸುಮಾರು 20ರಿಂದ 25 ಡಿಗ್ರಿಯಲ್ಲಿ. ಹಾಗೆಂದು ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಡಿಕ್ಕಿಯಲ್ಲಿ ಬಿಟ್ಟರೂ ಕಣಗಳು ಸಾಯುತ್ತವೆ. ತಣ್ಣಗಿದ್ದಷ್ಟೂ ಒಳ್ಳೆಯದು ಎಂಬುದು ಲಸಿಕೆಯ ಪಾಠ ಕೂಡ ಅಲ್ಲ, ರಕ್ತಕ್ಕಂತೂ ಖಂಡಿತ ಅಲ್ಲ.

ಕಣಗಳನ್ನು ಎಣಿಸುವುದಷ್ಟೇ ಅಲ್ಲದೆ ಅವು ಕೆಲಸ ಮಾಡುತ್ತಿವೆಯೇ ಎಂದು ನೋಡುವ ಪರೀಕ್ಷೆಗಳಿವೆ. ಸುಪ್ತ ಕ್ಷಯ ಪತ್ತೆಗೆ ಬಳಸುವ ಇಗ್ರಾ ಅಂಥದ್ದು: ಕ್ಷಯದ ಬ್ಯಾಕ್ಟೀರಿಯಾದ ಪ್ರೋಟೀನು ಕಂಡಾಗ ಟಿ ಕಣಗಳು ಇಂಟರ್‌ಫೆರಾನ್ ಸ್ರವಿಸುತ್ತವೆಯೇ ಎಂದು ಅಳೆಯುತ್ತಾರೆ. ಕಣ ಎಚ್ಚರಗೊಳ್ಳಲು ಕ್ಯಾಲ್ಸಿಯಂ ಬೇಕು. ಇಡಿಟಿಎ ಕ್ಯಾಲ್ಸಿಯಂ ಕಸಿದುಕೊಳ್ಳುವುದರಿಂದ ಇಲ್ಲಿ ನೇರಳೆ ಟ್ಯೂಬು ನಿಷ್ಪ್ರಯೋಜಕ. ಹೆಪಾರಿನ್ ಇರುವ ಟ್ಯೂಬೇ ಆಗಬೇಕು. ಅದೇ ಹೆಪಾರಿನ್ ಗಾಜಿನ ಲೇಪಕ್ಕೆ ನೀಲಿ ಛಾಯೆ ತರುತ್ತದೆ, ಪಿಸಿಆರ್ ಪರೀಕ್ಷೆಗೆ ಅಡ್ಡಿ ಮಾಡುತ್ತದೆ. ಒಬ್ಬರದೇ ರಕ್ತ, ಒಂದೇ ಚುಚ್ಚು, ಆದರೂ ಟ್ಯೂಬು ಅದಲುಬದಲಾದರೆ ಪರೀಕ್ಷೆ ಮುಗಿದಂತೆ. ಇಗ್ರಾದ ಒಂದು ಪ್ರಚಲಿತ ವಿಧಾನದಲ್ಲಿ ಪ್ರತಿ ಟ್ಯೂಬಿಗೆ ಸರಿಯಾಗಿ 1 ಮಿಲಿ ರಕ್ತ ಹಾಕಿ, ಒಳಗೋಡೆಗೆ ಅಂಟಿದ ಪ್ರೋಟೀನು ಕರಗುವಂತೆ ಹತ್ತು ಸಲ ಕುಲುಕಿ, 16 ಗಂಟೆಯೊಳಗೆ 37 ಡಿಗ್ರಿಯ ಪೆಟ್ಟಿಗೆಗೆ ಸೇರಿಸಬೇಕು. ತಡವಾದರೆ ಟಿ ಕಣಗಳು ಸೋತಿರುತ್ತವೆ. ಸೋಂಕು ಇದ್ದರೂ ಇಲ್ಲವೆಂದೋ ಏನೂ ಹೇಳಲಾಗದೆಂದೋ ಫಲಿತಾಂಶ ಬರಬಹುದು. ಎಚ್‌ಐವಿ ಸೋಂಕಿತರ ಮನೆಯಲ್ಲಿ, ಕ್ಷಯ ರೋಗಿಯ ಪಕ್ಕದಲ್ಲಿ ಮಲಗುವ ಮಗುವಿನ ವಿಷಯದಲ್ಲಿ ಇಂಥ ‘ಇಲ್ಲ’ ಎಷ್ಟು ದುಬಾರಿ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆಲ್ಲ ಎರಡು ಬಲವಾದ ಆಕ್ಷೇಪಗಳಿವೆ. ಒಳ್ಳೆಯ ವೈದ್ಯರು ಅಂಕಿಗಲ್ಲ, ರೋಗಿಗೆ ಚಿಕಿತ್ಸೆ ಕೊಡುತ್ತಾರೆ, ಸಣ್ಣಪುಟ್ಟ ವ್ಯತ್ಯಾಸ ಅವರಿಗೆ ಗೊತ್ತಾಗುತ್ತದೆ ಎಂಬುದು ಮೊದಲನೆಯದು. ನನಗೆ ಇದರಲ್ಲಿ ಗೌರವವಿದೆ. ನಮ್ಮ ಕಡೆಯ ಎಷ್ಟೋ ಹಿರಿಯ ವೈದ್ಯರು ನಾಡಿ ಹಿಡಿದು, ಹೊಟ್ಟೆ ಮುಟ್ಟಿ, ರಿಪೋರ್ಟನ್ನು ಬದಿಗಿಟ್ಟು ಜೀವ ಉಳಿಸಿದ್ದಾರೆ. ಆದರೆ ರಾತ್ರಿ ಪಾಳಿಯ ಕಿರಿಯ ವೈದ್ಯರ ಎದುರು ನಾಲ್ವತ್ತು ಜ್ವರದ ರೋಗಿಗಳಿದ್ದಾಗ ಯಾರ ಹಾಸಿಗೆಯ ಬಳಿ ಮೊದಲು ಹೋಗಬೇಕೆಂದು ತಿಳಿಸುವುದು ಆ ಕಾಗದವೇ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ದೂರದ ಊರಿನಲ್ಲಿ ತುಸು ದೋಷವಿರುವ ಪರೀಕ್ಷೆಯಾದರೂ ಸಿಗುವುದು ಏನೂ ಸಿಗದಿರುವುದಕ್ಕಿಂತ ಮೇಲು. ಮಾದರಿ ಸರಿಯಿಲ್ಲ ಎಂದು ತಿರಸ್ಕರಿಸಿದರೆ ಕೊಲ್ಲಮೊಗ್ರದಿಂದಲೋ ಬಿಳಿನೆಲೆಯಿಂದಲೋ ಬಂದ ಕೂಲಿಯಾಳು ಇನ್ನೊಂದು ದಿನದ ಸಂಬಳ ಕಳೆದುಕೊಂಡು ಮತ್ತೆ ಬರಬೇಕು. ಈ ಕಷ್ಟ ಸುಳ್ಳಲ್ಲ. ಅದಕ್ಕೇ ನಾನು ತಿರಸ್ಕಾರದ ಪರವಾಗಿ ವಾದಿಸುತ್ತಿಲ್ಲ, ಮೊದಲ ಚುಚ್ಚಿನಲ್ಲೇ ಸರಿ ಮಾಡುವುದರ ಪರ ವಾದಿಸುತ್ತಿದ್ದೇನೆ. ಇಲ್ಲಿ ಹೇಳಿದ ತಪ್ಪುಗಳಲ್ಲಿ ಹೆಚ್ಚಿನವನ್ನು ತಪ್ಪಿಸಲು ಹಣ ಬೇಡ. ಟ್ಯೂಬನ್ನು ಮೆಲ್ಲನೆ ಮಗುಚುವುದಕ್ಕೆ, ಪಟ್ಟಿಯನ್ನು ಒಂದು ನಿಮಿಷದೊಳಗೆ ಸಡಿಲಿಸುವುದಕ್ಕೆ, ರೋಗಿಯನ್ನು ಹತ್ತು ನಿಮಿಷ ಕೂರಿಸುವುದಕ್ಕೆ ಖರ್ಚೇನಿದೆ? ಕಣಗಳನ್ನು ದಿನಗಟ್ಟಲೆ ಕಾಪಾಡುವ ವಿಶೇಷ ಟ್ಯೂಬುಗಳೂ ಮಾರುಕಟ್ಟೆಯಲ್ಲಿವೆ. ಬೆಲೆ ಹೆಚ್ಚು, ಎಲ್ಲ ಪರೀಕ್ಷೆಗೂ ಒಗ್ಗುವುದಿಲ್ಲ. ಅವನ್ನು ನೆಚ್ಚಿ ಕೂರುವ ಸ್ಥಿತಿ ನಮ್ಮದಲ್ಲ.

ಹಣ ಬೇಕಾದ ಒಂದು ಜಾಗ ಇದೆ: ರಕ್ತ ತೆಗೆಯುವ ಮನುಷ್ಯ. ಪುತ್ತೂರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬೇಕು ಎಂಬ ಬೇಡಿಕೆ ಹಳೆಯದು ಮತ್ತು ನ್ಯಾಯವಾದದ್ದು. ಹೊಸ ಯಂತ್ರ ಬಂದರೆ ಉದ್ಘಾಟನೆ ಮಾಡುತ್ತೇವೆ, ಫೋಟೋ ಹಾಕುತ್ತೇವೆ. ಆ ಯಂತ್ರಕ್ಕೆ ರಕ್ತ ಒದಗಿಸುವ ಹುಡುಗಿ ಎಲ್ಲಿ ಕಲಿತಳು, ಕಲಿತ ಮೇಲೆ ಯಾರಾದರೂ ಅವಳ ಕೆಲಸವನ್ನು ನೋಡಿ ತಿದ್ದಿದರೇ, ಗಂಟೆಗೆ ಎಷ್ಟು ಜನರನ್ನು ಅವಳ ಮುಂದೆ ಕೂರಿಸುತ್ತೇವೆ, ತಿಂಗಳಿಗೆ ಎಷ್ಟು ಕೊಡುತ್ತೇವೆ ಎಂದು ಯಾವ ಸಭೆಯಲ್ಲೂ ಯಾರೂ ಕೇಳಿದ್ದನ್ನು ನಾನು ಕಾಣೆ. ನುರಿತ ಕೈಯನ್ನು ಅಗ್ಗದ ಕೂಲಿಯಾಗಿ ಕಾಣುವ ಈ ದೃಷ್ಟಿಯೇ ತಪ್ಪುಗಳ ಮೂಲ ಎಂದು ನಾನು ಬಲವಾಗಿ ನಂಬಿದ್ದೇನೆ.

ವೈದ್ಯಕೀಯ ಪ್ರಯೋಗಾಲಯಗಳಿಗೆ ಇರುವ ಐಎಸ್‌ಒ 15189 ಮಾನದಂಡ ಮಾದರಿ ತೆಗೆದ ದಿನವನ್ನೂ ಅಗತ್ಯವಿದ್ದಲ್ಲಿ ಸಮಯವನ್ನೂ ತೆಗೆದವರ ಗುರುತನ್ನೂ ದಾಖಲಿಸಬೇಕೆನ್ನುತ್ತದೆ. ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬುಗಳು ಇದನ್ನು ಪಾಲಿಸಬೇಕು. ಮಾನ್ಯತೆ ಪಡೆಯದ ಸಣ್ಣ ಲ್ಯಾಬುಗಳಿಗೆ ಆ ಕಟ್ಟುಪಾಡಿಲ್ಲ. ಕಣಗಳ ಪರೀಕ್ಷೆಯ ಮಟ್ಟಿಗಾದರೂ ಎಲ್ಲ ಲ್ಯಾಬು, ಎಲ್ಲ ಸಂಗ್ರಹ ಕೇಂದ್ರಗಳ ರಿಪೋರ್ಟಿನಲ್ಲಿ ರಕ್ತ ತೆಗೆದ ಸಮಯ ಮತ್ತು ಯಂತ್ರಕ್ಕೆ ಹಾಕಿದ ಸಮಯ ಎರಡೂ ಇರಲೇಬೇಕೆಂದು ಜಿಲ್ಲಾ ಆರೋಗ್ಯ ಇಲಾಖೆ ಸೂಚಿಸಬೇಕು. ಎರಡು ಸಮಯಗಳ ನಡುವಿನ ಅಂತರ ಕಾಗದದ ಮೇಲೆ ಬಿದ್ದರೆ ಓದುವ ವೈದ್ಯರಿಗೆ ಅರ್ಧ ಕಥೆ ತಿಳಿಯುತ್ತದೆ, ಮಾದರಿಯನ್ನು ಕಾಯಿಸುವವರಿಗೂ ಅಳುಕು ಹುಟ್ಟುತ್ತದೆ.

ಇಲಾಖೆಯ ಆದೇಶಕ್ಕೆ ಕಾಯದೆ ಓದುಗರೂ ಮಾಡಬಹುದಾದದ್ದಿದೆ. ಲ್ಯಾಬಿಗೆ ಹೋದರೆ ಮೊದಲು ಹತ್ತು ನಿಮಿಷ ಕುಳಿತುಕೊಳ್ಳಿ. ಹಿಂದಿನ ಎರಡು ಮೂರು ದಿನಗಳಲ್ಲಿ ಹಾಕಿಸಿಕೊಂಡ ಇಂಜೆಕ್ಷನ್, ನುಂಗಿದ ಮಾತ್ರೆಗಳ ಹೆಸರನ್ನು ಕೇಳದಿದ್ದರೂ ಹೇಳಿ. ಮತ್ತೆ ಮತ್ತೆ ಮಾಡಿಸುವ ಪರೀಕ್ಷೆಯಾದರೆ ದಿನದ ಒಂದೇ ಹೊತ್ತಿಗೆ, ಸಾಧ್ಯವಾದರೆ ಒಂದೇ ಲ್ಯಾಬಿನಲ್ಲಿ ಮಾಡಿಸಿ. ರಕ್ತ ಎಷ್ಟು ಹೊತ್ತಿಗೆ ತೆಗೆದರು ಎಂಬುದನ್ನು ರಿಪೋರ್ಟಿನ ಮೂಲೆಯಲ್ಲಿ ನೀವೇ ಪೆನ್ನಿನಲ್ಲಿ ಬರೆದುಕೊಳ್ಳಿ. ಮನೆಯವರಿಗೆ ಡ್ರಿಪ್ ಹೋಗುತ್ತಿರುವಾಗ ರಕ್ತ ತೆಗೆಯಲು ಬಂದವರಿಗೆ ‘ದಯವಿಟ್ಟು ಇನ್ನೊಂದು ಕೈಯಿಂದ ತೆಗೆಯಿರಿ’ ಎಂದು ಹೇಳಲು ಸಂಕೋಚಪಡಬೇಡಿ.